ರೊಪ್ಪದ ಬಾಗಿಲಿಗೇ ಬರುವ ಕುರಿ ತೊಟ್ಟಿ

ಚಳ್ಳಕೆರೆ ತಾಲ್ಲೂಕಿನಲ್ಲಿ ನನಗಿರುವುದು ಆರು ಎಕರೆ ಬೆದ್ದಲು. ಮಳೆ ಸಕಾಲಕ್ಕೆ ಬಂದರೆ ಶೇಂಗಾ, ತಡವಾದರೆ ಸಜ್ಜೆಯೋ ಹುರುಳಿಯೋ, ಬರದೇ ಹೋದರೆ ಕೂಲಿ. ಜೊತೆಗೆ ಮೂವತ್ತು ನಲವತ್ತು ಕುರಿ ಯಾವಾಗಲೂ ಇವೆ. ಓದಿದ್ದು ಏಳನೇ ಕ್ಲಾಸು. ಹೀಗಿದ್ದರೂ ವರ್ಷಕ್ಕೆ ನಲವತ್ತೈದು ದಿನದಷ್ಟು ನನ್ನನ್ನು ಹುಡುಕಿಕೊಂಡು ಹಿರಿಯೂರು, ಶಿರಾ, ಪಾವಗಡದ ಕಡೆಯಿಂದಲೂ ಕುರಿಯವರು ಬರುತ್ತಾರೆ. ಕಾರಣ, ನನ್ನ ಹತ್ತಿರ ಒಂದು ಕಬ್ಬಿಣದ ತೊಟ್ಟಿ ಇದೆ, ಅದಕ್ಕೆ ಎರಡು ಚಕ್ರ ಇವೆ. ಕುರಿಗಳನ್ನು ಔಷಧಿ ನೀರಿನಲ್ಲಿ ಮುಳುಗಿಸಿ ಎತ್ತುವ ತೊಟ್ಟಿ ಅದು. ಕುರಿ ಎಲ್ಲಿದೆಯೋ ಅಲ್ಲಿಗೆ ಅದನ್ನು ಎಳೆದುಕೊಂಡು ಹೋಗುತ್ತೇನೆ.

ಕುರಿ ಸಾಕದವರಿಗೆ ಒಂದು ಮಾತು. ಉಣ್ಣೆ ಬೇರೆ, ಉಣ್ಣಿ ಬೇರೆ. ಉಣ್ಣೆಯಿಂದ ಕಂಬಳಿ ಆಗುತ್ತದೆ, ಉಣ್ಣಿಯಿಂದ ಕುರಿ ಸಾಯುತ್ತದೆ. ಉಣ್ಣಿಗೆ ನಮ್ಮ ಕಡೆ ಉಣುಗು ಅಂತಾರೆ. ಕಿವಿಯೊಳಗೆ, ಬಾಲದ ಬುಡದಲ್ಲಿ, ತೊಡೆ ಸಂದಿಯಲ್ಲಿ ಕಚ್ಚಿ ಹಿಡಿದು ರಕ್ತ ಕುಡಿಯುತ್ತದೆ. ರಕ್ತ ಹೋಗುವುದು ಒಂದು, ಉಣುಗಿನಿಂದ ಹತ್ತುವ ಜ್ವರ ಇನ್ನೊಂದು. ಇದರ ಜೊತೆಗೆ ಹೇನು, ಕಜ್ಜಿ. ಮೈ ಕೆರೆತ ಬಂದ ಕುರಿ ಮೇಯುವುದನ್ನು ಬಿಟ್ಟು ಬೇಲಿಗೆ, ಕಲ್ಲಿಗೆ ಮೈ ಉಜ್ಜುತ್ತಾ ನಿಲ್ಲುತ್ತದೆ. ಮೇಯದ ಕುರಿಗೆ ಹಾಲಿಲ್ಲ, ಹಾಲಿಲ್ಲದಿದ್ದರೆ ಮರಿ ಇಲ್ಲ.

ನಾವು ಮೊದಲು ಮಾಡುತ್ತಿದ್ದದ್ದು ಹೀಗೆ. ನೆಲದಲ್ಲಿ ಗುಂಡಿ ತೋಡಿ, ಟಾರ್ಪಾಲು ಹಾಸಿ, ನೀರು ತುಂಬಿ, ಔಷಧಿ ಸುರಿದು, ಇಬ್ಬರು ಕಾಲು ಹಿಡಿದು ಕುರಿಯನ್ನು ಅದ್ದುವುದು. ಔಷಧಿ ಯಾವುದು ಅಂತ ಕೇಳಿದರೆ, ಶೇಂಗಾಕ್ಕೋ ಹತ್ತಿಗೋ ಹೊಡೆದು ಮಿಕ್ಕಿದ್ದು ಯಾವುದಿದೆಯೋ ಅದು. 2009ರಲ್ಲಿ ಹೀಗೇ ಬರಿಗೈಯಲ್ಲಿ ಕುರಿ ಅದ್ದುತ್ತಿದ್ದ ನಮ್ಮ ಅಣ್ಣನ ಮಗ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ ಅಂತ ಕೂತ. ಬಾಯಲ್ಲಿ ಜೊಲ್ಲು, ವಾಂತಿ, ಮೈಯೆಲ್ಲ ಬೆವರು. ಆಸ್ಪತ್ರೆಗೆ ಒಯ್ದೆವು. ಮೂರು ದಿನ ಇಟ್ಟುಕೊಂಡು ಉಳಿಸಿಕೊಟ್ಟರು. ಅಲ್ಲಿನ ಡಾಕ್ಟರು ನನ್ನ ಮುಖ ನೋಡಿ, "ಹೊಲಕ್ಕೆ ಹೊಡೆಯೋ ವಿಷದಾಗೆ ಮೊಣಕೈ ತನಕ ಕೈ ಇಟ್ಟುಕೊಂಡು ಬೆಳಗಿಂದ ಕೂತಿದ್ದಾನಲ್ಲ, ಹಿರಿಯರು ನೀವು ಏನ್ ಮಾಡ್ತಿದ್ರಿ?" ಅಂದರು. ಉತ್ತರ ಕೊಡಲು ಆಗಲಿಲ್ಲ. ನಾನೂ ಆ ದಿನ ಅದೇ ಗುಂಡಿಯ ಇನ್ನೊಂದು ಬದಿಯಲ್ಲಿ ಕೂತು ಅದ್ದುತ್ತಿದ್ದೆ. ನನಗೇಕೆ ಏನೂ ಆಗಲಿಲ್ಲವೋ ಗೊತ್ತಿಲ್ಲ.

ನಮ್ಮ ಪಕ್ಕದ ಊರಿನಲ್ಲಿ ಸಿಮೆಂಟಿನ ಒಂದು ತೊಟ್ಟಿ ಇತ್ತು. ಕುರಿ ಮುಳುಗಿಸಲು ಅಂತಲೇ ಕಟ್ಟಿದ್ದು, ಒಳ್ಳೆಯ ಕೆಲಸ. ಆದರೆ ಅದರೊಳಗೆ ನೀರು ನಿಂತಿದ್ದನ್ನು ನಾನು ನೋಡಲಿಲ್ಲ, ಜಾಲಿ ಬೆಳೆದಿದ್ದನ್ನು ನೋಡಿದೆ. ಮುನ್ನೂರು ಕುರಿಯನ್ನು ಮೂರು ಮೈಲಿ ಹೊಡೆದುಕೊಂಡು ಹೋಗಿ, ಸಾವಿರ ಲೀಟರು ನೀರು ಹೊರಿಸಿ, ಮುಳುಗಿಸಿ, ಮತ್ತೆ ಮೂರು ಮೈಲಿ ವಾಪಸು ಯಾರು ಬರುತ್ತಾರೆ? ಇನ್ನು ವಲಸೆ ಕುರಿಯವರಂತೂ ಇವತ್ತು ಒಬ್ಬರ ಹೊಲದಲ್ಲಿ ಮಂದೆ ನಿಲ್ಲಿಸಿದರೆ ನಾಳೆ ಇನ್ನೊಬ್ಬರ ಹೊಲ. ಅದೇ ತೊಟ್ಟಿಯ ಅಳತೆ ತೆಗೆದುಕೊಂಡು ಬಂದೆ, ಬಟ್ಟೆಯ ದಾರದಲ್ಲಿ ಗಂಟು ಹಾಕಿ.

ಮೊದಲ ತೊಟ್ಟಿ ಕೆಟ್ಟ ಕಥೆ

2010ರಲ್ಲಿ ನಾಲ್ಕು ಟಗರು ಮಾರಿ ವೆಲ್ಡಿಂಗ್ ಅಂಗಡಿಗೆ ಹೋದೆ. ಹಳೇ ಟ್ರೇಲರಿನ ಮೇಲೆ ತೊಟ್ಟಿ ಕೂರಿಸಿದೆವು. ನೋಡಲು ಚೆನ್ನಾಗಿತ್ತು. ಆದರೆ ತೊಟ್ಟಿಯ ಬಾಯಿ ನೆಲದಿಂದ ಆರಡಿಯ ಮೇಲೆ ಹೋಯಿತು. ಅಷ್ಟು ಎತ್ತರಕ್ಕೆ ಹಲಗೆ ಇಟ್ಟರೆ ಯಾವ ಕುರಿ ಹತ್ತುತ್ತದೆ? ಒಂದೊಂದನ್ನೂ ಎತ್ತಿ ಕೊಡಬೇಕಾಯಿತು. ಇಪ್ಪತ್ತೆಂಟು ಮೂವತ್ತು ಕೆಜಿಯ ಕುರಿ, ನೂರು ಎತ್ತುವಷ್ಟರಲ್ಲಿ ನಾಲ್ಕು ಆಳು ಸೊಂಟ ಹಿಡಿದು ಕೂತರು. ಆರು ಸಾವಿರ ಹೋಯಿತು. ಊರಲ್ಲಿ ಆ ತೊಟ್ಟಿಗೆ ತೇರು ಅಂತ ಹೆಸರಿಟ್ಟರು.

ಎರಡನೆಯದನ್ನು ಕೆಳಗೆ ಇಳಿಸಿದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಯುವ ಅಚ್ಚು ಇದ್ದರೆ ತೊಟ್ಟಿ ಅದರ ಮೇಲೇ ಕೂರಬೇಕು. ಹಾಗಾಗಿ ಹಳೇ ಟೈರ್ ಗಾಡಿಯ ಅಚ್ಚನ್ನು ನಡುವೆ ಕತ್ತರಿಸಿ, ಎರಡು ತುಂಡನ್ನು ತೊಟ್ಟಿಯ ಎಡಕ್ಕೊಂದು ಬಲಕ್ಕೊಂದು ದಪ್ಪ ಆಂಗ್ಲರ್ ಕೊಟ್ಟು ಬೆಸೆಸಿದೆ. ಈಗ ತೊಟ್ಟಿ ಎರಡು ಚಕ್ರದ ನಡುವೆ ನೇತಾಡುತ್ತದೆ. ರಸ್ತೆಯಲ್ಲಿ ಹೋಗುವಾಗ ತಳಕ್ಕೂ ನೆಲಕ್ಕೂ ಮುಕ್ಕಾಲು ಅಡಿ ಅಂತರ. ಕೆಲಸದ ಜಾಗ ಮುಟ್ಟಿದ ಮೇಲೆ ಚಕ್ರಗಳಿಗೆ ಮುಕ್ಕಾಲಡಿಯ ಎರಡು ಗುಂಡಿ ತೋಡಿ ಇಳಿಸಿದರೆ ತೊಟ್ಟಿ ನೆಲಕ್ಕೆ ಕೂರುತ್ತದೆ, ಅಲುಗುವುದಿಲ್ಲ.

ಅಳತೆ ಬೇಕಾದವರಿಗೆ ಹೇಳುತ್ತೇನೆ. 3 ಎಂಎಂ ತಗಡು. ತಳ 4 ಅಡಿ ಉದ್ದ, ಮೇಲೆ ಏಳೂವರೆ ಅಡಿ, ಯಾಕೆಂದರೆ ಹೊರಗೆ ಬರುವ ಕಡೆ ಇಳಿಜಾರು. ಅಗಲ ಒಂದೂಮುಕ್ಕಾಲು ಅಡಿ. ಅದಕ್ಕಿಂತ ಅಗಲ ಮಾಡಿದರೆ ಕುರಿ ಒಳಗೇ ತಿರುಗಿ ನಿಲ್ಲುತ್ತದೆ. ಆಳ ಮೂರೂವರೆ ಅಡಿ, ನೀರು ನಿಲ್ಲಿಸುವುದು ಎರಡೂವರೆ ಅಡಿಗೆ. ಇಳಿಜಾರಿನ ಮೇಲೆ ಅರ್ಧರ್ಧ ಅಡಿಗೆ ಸರಳು ಬೆಸೆಸಿದ್ದೇನೆ, ಇಲ್ಲದಿದ್ದರೆ ಗೊರಸು ಜಾರುತ್ತದೆ. ತಳದ ಮೂಲೆಯಲ್ಲಿ ಎರಡಿಂಚಿನ ಗೇಟ್ ವಾಲ್ವ್. ಎಲ್ಲಾ ಸೇರಿ ಎರಡೂವರೆ ಕ್ವಿಂಟಾಲು ತೂಕ. ಮೊದಲು ಎತ್ತು ಕಟ್ಟುತ್ತಿದ್ದೆ, ಈಗ ಬಾಡಿಗೆ ಟ್ರಾಕ್ಟರು. ಕೆಟ್ಟದ್ದನ್ನೂ ಸೇರಿಸಿ ಒಟ್ಟು ಇಪ್ಪತ್ಮೂರು ಸಾವಿರ ಆಗಿತ್ತು. ಈಗ ಅಷ್ಟಕ್ಕೆ ಆಗುವುದಿಲ್ಲ.

ಹತ್ತುವ ಹಲಗೆಯ ಬಗ್ಗೆ ಒಬ್ಬ ಕುರುಬರ ಅಜ್ಜ ಹೇಳಿಕೊಟ್ಟ ಉಪಾಯ ಇದೆ. ನಾನು ಎಂಟಡಿ ಹಲಗೆ ಇಟ್ಟು ಒದ್ದಾಡುತ್ತಿದ್ದೆ. ಅವರು ದೂರ ಕೂತು ಬೀಡಿ ಸೇದುತ್ತಿದ್ದವರು, "ಏನಪ್ಪಾ, ಅಷ್ಟು ದೊಡ್ಡ ಬದು ಐತೆ, ಅದನ್ನ ಬಿಟ್ಟು ಬಯಲಾಗೆ ಗಾಡಿ ನಿಲ್ಸಿದೀಯ" ಅಂದರು. ಆವತ್ತಿನಿಂದ ತೊಟ್ಟಿಯನ್ನು ಹೊಲದ ಬದುವಿಗೆ ಒತ್ತಿ ನಿಲ್ಲಿಸುತ್ತೇನೆ. ಎತ್ತರದ ಅರ್ಧವನ್ನು ಬದುವೇ ಕೊಡುತ್ತದೆ, ಮೂರು ನಾಲ್ಕು ಅಡಿ ಹಲಗೆ ಸಾಕು. ಇನ್ನೊಂದು, ಗೌರಿ. ಬಾಟಲಿ ಹಾಲು ಕುಡಿಸಿ ಸಾಕಿದ ಮೇಕೆ ಅದು. ಕುತ್ತಿಗೆಗೆ ಗಂಟೆ ಕಟ್ಟಿ ಮುಂದೆ ಬಿಟ್ಟರೆ ಹಲಗೆ ಹತ್ತಿ ಮೇಲೆ ಹೋಗಿ ಪಕ್ಕದ ಗಂಡಿಯಲ್ಲಿ ಇಳಿಯುತ್ತದೆ. ಹಿಂದೆ ಬಂದ ಕುರಿ ತೊಟ್ಟಿಗೆ ಬೀಳುತ್ತದೆ. ಗೌರಿ ಇವತ್ತಿನವರೆಗೂ ಒದ್ದೆಯಾಗಿಲ್ಲ.

ಒಂದು ದಿನದ ಕೆಲಸ

ಉಣ್ಣೆ ಕತ್ತರಿಸಿದ ಮೂರು ವಾರಕ್ಕೆ ಮುಳುಗಿಸುವುದು ಒಳ್ಳೆಯದು. ಕತ್ತರಿ ಗಾಯ ಮಾಗಿರುತ್ತದೆ, ಔಷಧಿ ಹಿಡಿದಿಟ್ಟುಕೊಳ್ಳುವಷ್ಟು ಉಣ್ಣೆ ಬಂದಿರುತ್ತದೆ. ಈಗ ಉಣ್ಣೆಗೆ ಬೆಲೆಯೇ ಇಲ್ಲ, ಕತ್ತರಿಸುವ ಕೂಲಿಯೂ ಹುಟ್ಟುವುದಿಲ್ಲ ಅಂತ ಕೆಲವರು ಹಾಗೇ ಬಿಡುತ್ತಾರೆ. ಅಂಥ ಕುರಿ ತಂದರೆ ನಾನು ಕತ್ತರಿಸಿಕೊಂಡು ಬನ್ನಿ ಅಂತ ವಾಪಸು ಕಳಿಸುತ್ತೇನೆ. ಉದ್ದ ಉಣ್ಣೆಯ ಕುರಿ ನೀರನ್ನೂ ಔಷಧಿಯನ್ನೂ ಹೊತ್ತುಕೊಂಡು ಹೋಗುತ್ತದೆ, ಚರ್ಮಕ್ಕೆ ಮಾತ್ರ ಸರಿಯಾಗಿ ಮುಟ್ಟುವುದಿಲ್ಲ. ಪಾವಗಡದ ಕಡೆ ಹೆಚ್ಚಿರುವ ನೆಲ್ಲೂರು ತಳಿಗೆ ಈ ತಾಪತ್ರಯ ಇಲ್ಲ, ಅದರ ಮೈಮೇಲೆ ಇರುವುದು ಕೂದಲು.

ಹಿಂದಿನ ಸಂಜೆ ಕುರಿಗಳಿಗೆ ಹೊಟ್ಟೆ ತುಂಬ ನೀರು ಕುಡಿಸಿರಬೇಕು. ಬೆಳಿಗ್ಗೆಯೂ ಕುಡಿಸಬೇಕು. ಬಾಯಾರಿದ ಕುರಿ ತೊಟ್ಟಿಯ ನೀರನ್ನೇ ಕುಡಿದುಬಿಡುತ್ತದೆ. ಮೋಡ ಇದ್ದರೆ, ಮಳೆ ಬರುವ ಹಾಗಿದ್ದರೆ ಆವತ್ತು ಕೆಲಸ ಇಲ್ಲ. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಮಧ್ಯಾಹ್ನ ಒಂದರ ಹೊತ್ತಿಗೆ ಮುಗಿಸಿದರೆ ಸಂಜೆಯೊಳಗೆ ಮೈ ಒಣಗುತ್ತದೆ. ತುಂಬು ಗಬ್ಬದವು, ಮೂರು ತಿಂಗಳ ಒಳಗಿನ ಮರಿಗಳು, ಗಾಯ ಇರುವವು ಇವನ್ನು ಬೇರೆ ನಿಲ್ಲಿಸುತ್ತೇವೆ. ಬಕ್ರೀದಿಗೋ ಜಾತ್ರೆಗೋ ಮಾರುವ ಟಗರಿದ್ದರೆ, ಔಷಧಿ ಹಾಕಿದ ಮೇಲೆ ಎಷ್ಟು ದಿನ ಮಾಂಸಕ್ಕೆ ಕೊಡಬಾರದು ಅಂತ ಬಾಟಲಿಯ ಮೇಲೆ ಬರೆದಿರುತ್ತದೆ. ಅದನ್ನು ನೋಡಿಯೇ ಒಳಗೆ ಬಿಡಬೇಕು.

ತೊಟ್ಟಿಗೆ ಹಿಂಗಾಲು ಮೊದಲು ಬರುವ ಹಾಗೆ ಜಾರಿಸುವುದು, ತಲೆಕೆಳಗಾಗಿ ಬೀಳಬಾರದು. ಮನಸ್ಸಿನಲ್ಲಿ ಮೂವತ್ತು ಎಣಿಸುವವರೆಗೆ ನೀರಲ್ಲಿರಬೇಕು. ಅಷ್ಟರಲ್ಲಿ ಕವೆಗೋಲಿನಿಂದ ಕುತ್ತಿಗೆ ಒತ್ತಿ ತಲೆಯನ್ನು ಎರಡು ಸಲ ಮುಳುಗಿಸಬೇಕು. ಉಣುಗು ಹೆಚ್ಚಿರುವುದು ಕಿವಿಯಲ್ಲಿ. ತಲೆ ಮುಳುಗಿಸದಿದ್ದರೆ ಮಾಡಿದ ಕೆಲಸ ಅರ್ಧ. ಕಜ್ಜಿ ಇದ್ದರೆ ಒಂದು ನಿಮಿಷ, ಅಂಥವನ್ನು ಕೊನೆಗೆ ಬಿಡುತ್ತೇವೆ. ಹೊರಗೆ ಬಂದ ಕುರಿ ತಗಡಿನ ನೆಲದ ಒಂದು ಚಿಕ್ಕ ರೊಪ್ಪಕ್ಕೆ ಹೋಗುತ್ತದೆ. ಒಂದು ಸಲಕ್ಕೆ ಹನ್ನೆರಡು ಕುರಿ, ಹತ್ತು ನಿಮಿಷ. ಸೋರಿದ ನೀರು ಮೂಲೆಯಲ್ಲಿ ಹೂತಿಟ್ಟ ಅರ್ಧ ಡ್ರಮ್ಮಿಗೆ ಬರುತ್ತದೆ. ಅದನ್ನು ಜರಡಿ ಹಿಡಿದು ಮತ್ತೆ ತೊಟ್ಟಿಗೆ ಸುರಿಯುತ್ತೇವೆ. ನೀರಿಗೆ ತತ್ವಾರ ಇರುವ ಸೀಮೆ ನಮ್ಮದು. ಮುನ್ನೂರು ಕುರಿಗೆ ಸಾವಿರದ ನೂರು ಲೀಟರು ಹತ್ತಿರ ಬೇಕು. ಸೋರಿದ್ದನ್ನು ಬಿಟ್ಟುಕೊಟ್ಟರೆ ಇನ್ನೂ ಎಷ್ಟೋ ಬೇಕಾಗುತ್ತಿತ್ತು.

ಕೈಗೆ ಉದ್ದನೆಯ ರಬ್ಬರ್ ಗ್ಲೌಸು, ಕಾಲಿಗೆ ಗಂಬೂಟು, ಎದೆಗೆ ಪ್ಲಾಸ್ಟಿಕ್ ಹೊದಿಕೆ. ಕೆಲಸ ಮುಗಿದು ಸೋಪು ಹಾಕಿ ತೊಳೆಯುವವರೆಗೆ ಬೀಡಿ, ಎಲೆ ಅಡಿಕೆ ಮುಟ್ಟುವ ಹಾಗಿಲ್ಲ. ಬಿಸಿಲಲ್ಲಿ ಹಿಂಸೆ ಆಗುತ್ತದೆ, ನಿಜ. ಕೂಲಿಯವರು ಬೇಡ ಅಂತಾರೆ. ನಾನು ಅಣ್ಣನ ಮಗನ ಕಥೆ ಹೇಳುತ್ತೇನೆ. ನಮ್ಮ ಮನೆಯವರು ನನ್ನ ಆ ಬಟ್ಟೆಯನ್ನು ಮನೆ ಬಟ್ಟೆಯ ಜೊತೆ ಒಗೆಯುವುದಿಲ್ಲ, ಅಂಗಳದಲ್ಲೇ ಬಿಚ್ಚಿಟ್ಟು ಸ್ನಾನ ಮಾಡಿದ ಮೇಲೇ ಹೊಸ್ತಿಲು ದಾಟಬೇಕು.

ನಾನು ಮಾಡಿದ ತಪ್ಪುಗಳು

ಮೊದಲ ವರ್ಷ ಒಂದು ದೂರು ಬಂತು. "ಮೊದಲು ಮುಳುಗಿಸಿದ ಕುರಿ ಚೆನ್ನಾಗವೆ, ಕೊನೆ ನೂರು ಕುರಿಯಾಗೆ ಉಣುಗು ಹಂಗೇ ಐತೆ. ನೀನು ಕೊನೆಕೊನೆಗೆ ಬರೀ ನೀರು ಹಾಕಿದೀಯ." ನಾನು ಬರೀ ನೀರು ಹಾಕಿರಲಿಲ್ಲ. ಇಳಿದಷ್ಟು ನೀರಿಗೆ ಅಳತೆಯ ಔಷಧಿಯನ್ನೇ ಸೇರಿಸಿದ್ದೆ. ಆದರೂ ಕುರಿಯವರು ಹೇಳಿದ್ದು ಸುಳ್ಳಲ್ಲ, ನಾನೇ ಕಿವಿ ಮಡಿಸಿ ನೋಡಿದೆ. ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿದಾಗ ತಿಳಿಯಿತು. ಉಣ್ಣೆ ನೀರನ್ನೂ ಔಷಧಿಯನ್ನೂ ಒಂದೇ ಸಮ ಹೀರುವುದಿಲ್ಲ, ಔಷಧಿಯನ್ನು ಹೆಚ್ಚಾಗಿ ಹಿಡಿದುಕೊಳ್ಳುತ್ತದೆ. ಒಂದೊಂದು ಕುರಿ ದಾಟಿದಂತೆಲ್ಲ ತೊಟ್ಟಿಯಲ್ಲಿ ಉಳಿದ ನೀರು ಸಪ್ಪೆಯಾಗುತ್ತಾ ಹೋಗುತ್ತದೆ. ಆದ್ದರಿಂದ ಆಮೇಲೆ ಸೇರಿಸುವ ನೀರು ಮೊದಲಿನದಕ್ಕಿಂತ ಗಟ್ಟಿ ಇರಬೇಕು.

ಈಗ ತೊಟ್ಟಿಯ ಒಳಗೆ ಗೆರೆ ಹೊಡೆಸಿದ್ದೇನೆ. ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ 32 ಸಲ ಸುರಿದು ಮೇಲಿನ ಗೆರೆ, ಅಂದರೆ 640 ಲೀಟರು. ಕೆಳಗೆ ನಾಲ್ಕು ನಾಲ್ಕು ಕ್ಯಾನಿಗೆ ಒಂದೊಂದು ಗೆರೆ. ನಾನು ಬಳಸುವ, ಜಾನುವಾರಿಗೆ ಅಂತಲೇ ಮಾಡಿದ ಶೇ. 10ರ ಸೈಪರ್‌ಮೆಥ್ರಿನ್ ಬಾಟಲಿಯ ಮೇಲೆ ಲೀಟರಿಗೆ 1 ಮಿಲಿ ಅಂತ ಇದೆ. ಮೊದಲ ತುಂಬುವಿಕೆಗೆ 640 ಮಿಲಿ. ಒಂದು ಗೆರೆ ಇಳಿದ ತಕ್ಷಣ ನಾಲ್ಕು ಕ್ಯಾನ್ ನೀರು, ಅದಕ್ಕೆ ಒಂದೂವರೆ ಪಾಲಿನ ಲೆಕ್ಕದಲ್ಲಿ 120 ಮಿಲಿ. ಅರ್ಧ ತೊಟ್ಟಿ ಖಾಲಿಯಾಗುವವರೆಗೆ ಕಾಯುವುದಿಲ್ಲ. ಇದು ನನ್ನ ಬಾಟಲಿಯ ಲೆಕ್ಕ. ನಿಮ್ಮದು ಬೇರೆ ಔಷಧಿಯಾದರೆ ಬೇರೆ ಲೆಕ್ಕ, ಚೀಟಿ ಓದಿಸಿ, ಡಾಕ್ಟರನ್ನು ಕೇಳಿ. ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್ ಹೆಸರು ಒಂದೇ ಇದೆ ಅಂತ ಇದಕ್ಕೆ ತರಬೇಡಿ. ಅದರ ತೀವ್ರತೆ ಬೇರೆ, ಅದರಲ್ಲಿ ಬೆರೆಸಿರುವ ಎಣ್ಣೆಯೂ ಬೇರೆ. ಅಮಿಟ್ರಾಜ್ ಬಳಸುವವರು ಇನ್ನೊಂದು ನೆನಪಿಡಬೇಕು. ಅದು ಕುದುರೆ ಜಾತಿಗೆ ಆಗದು. ಮಿಕ್ಕಿತು ಅಂತ ಸಾಮಾನು ಹೊರುವ ಕುದುರೆಗೋ ಕತ್ತೆಗೋ ಸುರಿಯುವ ಅಭ್ಯಾಸ ವಲಸೆಯವರಲ್ಲಿದೆ, ಬಿಡಬೇಕು.

ಎರಡನೇ ತಪ್ಪು ಆಸೆಬುರುಕತನದ್ದು. ಒಂದು ಸಂಜೆ ಕತ್ತಲಾಯಿತು, ತೊಟ್ಟಿಯಲ್ಲಿ ನಾನೂರು ಲೀಟರು ಉಳಿದಿತ್ತು. ಚೆಲ್ಲಲು ಮನಸ್ಸು ಬರದೆ ಮಾರನೇ ದಿನ ಅದಕ್ಕೇ ನೀರು ಔಷಧಿ ಸೇರಿಸಿ ಇನ್ನೊಂದು ಮಂದೆ ಮುಳುಗಿಸಿದೆ. ಮೂರನೇ ದಿನಕ್ಕೆ ಇಪ್ಪತ್ತು ಕುರಿ ಕುಂಟಲು ಶುರು ಮಾಡಿದವು. ಮೊಣಕಾಲು ಬಿಸಿ, ಊತ. ರಾತ್ರಿ ನಿಂತ ಕೊಳಕು ನೀರಿನಲ್ಲಿ ಕ್ರಿಮಿ ಹುಟ್ಟಿ, ಕಾಲಿನ ಗೀರುಗಾಯದಿಂದ ಒಳಗೆ ಹೋಗುತ್ತವಂತೆ. ಉಣುಗಿನ ಔಷಧಿ ಆ ಕ್ರಿಮಿಯನ್ನು ಕೊಲ್ಲುವುದಿಲ್ಲ. ಡಾಕ್ಟರು ಪೆನ್ಸಿಲಿನ್ ಕೊಟ್ಟು ವಾಸಿ ಮಾಡಿದರು, ಖರ್ಚು ನನ್ನದು. ಅಂದಿನಿಂದ ಆ ದಿನದ ನೀರು ಆ ದಿನಕ್ಕೇ. ಒಂದೇ ದಿನದಲ್ಲಾದರೂ ಎರಡು ಲೀಟರಿಗೆ ಒಂದು ಕುರಿಯಂತೆ ಲೆಕ್ಕ ಹಾಕಿ, 320 ಕುರಿ ದಾಟಿದರೆ ತೊಟ್ಟಿ ಖಾಲಿ ಮಾಡಿಸುತ್ತೇನೆ. ಹಿಕ್ಕೆ ಮಣ್ಣು ಸೇರಿ ಆಗಲೇ ಗಂಜಿಯ ಹಾಗೆ ಆಗಿರುತ್ತದೆ.

ಮೂರನೆಯದು ಹೇಳಲು ಈಗಲೂ ನಾಚಿಕೆ. 2013ರಲ್ಲಿ ನಮ್ಮೂರ ಮೇಲುಗಡೆಯ ಒಂದು ಬೀಳಿನಲ್ಲಿ ಕೆಲಸ ಮುಗಿಸಿ ವಾಲ್ವ್ ತಿರುಗಿಸಿ ನೀರು ಹರಿಯಬಿಟ್ಟೆ. ಮಣ್ಣು ಕುಡಿಯುತ್ತದೆ ಬಿಡು ಅಂದುಕೊಂಡೆ. ಆ ರಾತ್ರಿಯೇ, ವರ್ಷವೆಲ್ಲ ಬಾರದ ಮಳೆ ಬಂತು. ಬೆಳಿಗ್ಗೆ ಕೆಳಗಿನ ಗೋಕಟ್ಟೆಯಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನಾಲ್ಕು ಮನೆಯವರು ಸೇರಿ ಮರಿ ಬಿಟ್ಟಿದ್ದ ಮೀನು. ಈ ಔಷಧಿ ಕುರಿಗೆ ಅಷ್ಟು ಬಾಧೆ ಮಾಡದಿದ್ದರೂ ಮೀನಿಗೆ, ಜೇನಿಗೆ ಚಿಟಿಕೆಯಷ್ಟೂ ತಡೆಯದು ಅಂತ ನನಗೆ ಗೊತ್ತಿರಲಿಲ್ಲ. ಬಾಟಲಿಯ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಇತ್ತು, ನಾನು ಓದಿರಲಿಲ್ಲ.

ಗೋಕಟ್ಟೆಗೆ ದನ ಬಿಡಬೇಡಿ ಅಂತ ನಾನೇ ಮನೆ ಮನೆಗೆ ಹೋಗಿ ಹೇಳಿದೆ. ಸಾಯಂಕಾಲ ಹಿರಿಯರು ಕಟ್ಟೆಯ ಮೇಲೆ ಕೂಡಿದರು. ಮುಚ್ಚಿಡುವುದು ಏನೂ ಇರಲಿಲ್ಲ. ಮೀನಿನವರಿಗೆ ಆರು ಸಾವಿರ ಕೊಟ್ಟೆ, ದನಗಳಿಗೆ ಟ್ಯಾಂಕರ್ ನೀರು ತರಿಸಿದ್ದು ಬೇರೆ. ಒಬ್ಬ ದೊಡ್ಡಪ್ಪ, "ದುಡ್ಡು ಬಿಡಪ್ಪಾ. ಮಳೆಗಾಲ ತಪ್ಪಿ ತಪ್ಪಿ ಬರೋ ಊರಾಗೆ ಇರೋ ಒಂದು ಕಟ್ಟೆ ನೀರಿಗೆ ವಿಷ ಬಿಟ್ಯಲ್ಲ" ಅಂದರು. ಆ ವರ್ಷ ಪೂರ್ತಿ ತೊಟ್ಟಿಯನ್ನು ಹೊರಗೆ ತೆಗೆಯಲಿಲ್ಲ. ಗುಜರಿಗೆ ಹಾಕಿಬಿಡೋಣ ಅಂತಲೂ ಮಾತಾಡಿಸಿದ್ದೆ.

ಮತ್ತೆ ಹೊರಡಿಸಿದ್ದು ಅದೇ ದೊಡ್ಡಪ್ಪ. ಅವರ ಮಂದೆಗೆ ಉಣುಗು ಹತ್ತಿ, ಟಾರ್ಪಾಲು ಗುಂಡಿಗೆ ಮೊಮ್ಮಕ್ಕಳು ಇಳಿದದ್ದನ್ನು ನೋಡಿ ಅವರೇ ಬಂದು ಕರೆದರು. ಆದರೆ ಷರತ್ತು ಹಾಕಿದರು: ಮಿಕ್ಕ ನೀರು ಎಲ್ಲಿಗೆ ಹೋಗುತ್ತದೆ ಅಂತ ಮೊದಲು ತೋರಿಸು, ಆಮೇಲೆ ಕುರಿ ಕೊಡುತ್ತೇನೆ. ಅದನ್ನೇ ಈಗ ಎಲ್ಲ ಕಡೆಯೂ ಪಾಲಿಸುತ್ತೇನೆ. ಜಾಗ ನೋಡಲು ಹಿಂದಿನ ದಿನವೇ ಹೋಗುತ್ತೇನೆ. ಹಳ್ಳ, ಕಟ್ಟೆ, ಬಾವಿ, ಬೋರು ಹತ್ತಿರ ಇದ್ದರೆ ಬೇರೆ ಜಾಗ. ಉಳುಮೆ ಮಾಡಿದ ಸಮತಟ್ಟು ಖಾಲಿ ಹೊಲ, ಸುತ್ತ ಬದು ಇರಬೇಕು. ಮಿಕ್ಕ ನೀರಿಗೆ ಅದರ ಮೂರರಷ್ಟು ಬರೀ ನೀರು ಬೆರೆಸಿ ಕ್ಯಾನಿನಲ್ಲಿ ತೆಳ್ಳಗೆ ಚೆಲ್ಲುತ್ತೇವೆ. ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಆ ತುಂಡಿಗೆ ಮುಳ್ಳು ಹಾಕಿಸಿ ಒಂದು ತಿಂಗಳು ದನ ಕುರಿ ಬಿಡಬೇಡಿ ಅಂತ ಹೇಳಿ ಬರುತ್ತೇನೆ. ಹೊಲ ಕೊಡಲು ಒಪ್ಪದವರ ಕುರಿ ಮುಳುಗಿಸುವುದಿಲ್ಲ. ಇದರಿಂದ ಕೆಲವು ಮಂದೆ ಕೈತಪ್ಪಿವೆ.

ಬಾಟಲಿ ಅವರದು, ತೊಟ್ಟಿ ನಂದು

ಮೊದಲು ಔಷಧಿಯನ್ನೂ ನಾನೇ ತರುತ್ತಿದ್ದೆ. ಕೊನೆ ನೂರು ಕುರಿಯ ಗಲಾಟೆ ಆದ ಮೇಲೆ ಅದನ್ನು ಬಿಟ್ಟೆ. ಈಗ ಸೀಲ್ ಒಡೆಯದ ಬಾಟಲಿಯನ್ನು ಕುರಿಯವರೇ ತರುತ್ತಾರೆ. ಅವರೇ ಒಡೆಯುತ್ತಾರೆ, ಅಳತೆ ಲೋಟದಲ್ಲಿ ಅವರ ಕಣ್ಣೆದುರೇ ಅಳೆಯುತ್ತೇನೆ. ಮುನ್ನೂರು ಕುರಿಗೆ ಒಂದೂಕಾಲು ಲೀಟರಿನ ಮೇಲೆ ಸ್ವಲ್ಪ ಬೇಕು. ಔಷಧಿಯ ಮೇಲೆ ಸಿಗುತ್ತಿದ್ದ ಒಂದಷ್ಟು ಲಾಭ ಹೋಯಿತು, ಅನುಮಾನವೂ ಹೋಯಿತು.

2010ರಲ್ಲಿ ಕುರಿಗೆ ನಾಲ್ಕು ರೂಪಾಯಿ ತೆಗೆದುಕೊಳ್ಳುತ್ತಿದ್ದೆ, ಈಗ ಹತ್ತು. ಮುನ್ನೂರು ಕುರಿಗೆ ಮೂರು ಸಾವಿರ. ಇಬ್ಬರು ಆಳಿಗೆ ಸಾವಿರ, ಟ್ರಾಕ್ಟರಿಗೆ ಏಳುನೂರು. ಕುರಿಯವರ ಕಡೆಯಿಂದ ಇಬ್ಬರು ಕೈಗೂಡಿಸಬೇಕು, ನೀರು ಅವರದು. ನನಗೆ ಉಳಿಯುವುದು ಸಾವಿರದ ಮುನ್ನೂರು, ಅದರಲ್ಲಿ ಬೆಸುಗೆ, ಟೈರು, ಗ್ಲೌಸು. ಐವತ್ತು ಕುರಿಯವರಿಗೆ ಇದು ಗಿಟ್ಟುವುದಿಲ್ಲ. ಅಂಥವರು ಐದಾರು ಮನೆ ಸೇರಿ ಒಂದೇ ದಿನ ಕರೆಸುತ್ತಾರೆ. ಯಾರ ಕುರಿ ಮೊದಲು ಅನ್ನುವುದಕ್ಕೆ ಜಗಳ ಆಗುತ್ತದೆ, ಚೀಟಿ ಎತ್ತಿಸುತ್ತೇನೆ. ಕೆಲವರು ಹಣವನ್ನು ಯುಗಾದಿ ತನಕ ತಳ್ಳುತ್ತಾರೆ. ಕುರಿಯವರಲ್ಲಿ ಹಣ ಮುಳುಗಿಸಿದವರು ಮಾತ್ರ ಇಲ್ಲಿಯವರೆಗೆ ಇಬ್ಬರೇ.

ಒಂದು ಸಲ ಮುಳುಗಿಸಿದರೆ ವರ್ಷ ಪೂರ್ತಿ ಉಣುಗು ಬರುವುದಿಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇನಿನ ಮೊಟ್ಟೆ ಔಷಧಿಗೆ ಸಾಯುವುದಿಲ್ಲ, ಹತ್ತು ದಿನದಲ್ಲಿ ಒಡೆಯುತ್ತದೆ. ಅದಕ್ಕೇ ಹದಿನಾಲ್ಕನೇ ದಿನ ಇನ್ನೊಂದು ಸಲ ಮುಳುಗಿಸಬೇಕು. ಎರಡನೇ ಸಲಕ್ಕೆ ಕುರಿಗೆ ಏಳು ರೂಪಾಯಿ ಮಾಡಿದ್ದೇನೆ, ಹಾಗಾದರೂ ಕರೆಯಲಿ ಅಂತ. ಉಣುಗು ಮೊಟ್ಟೆ ಇಡುವುದು ಕುರಿಯ ಮೇಲಲ್ಲ, ನೆಲದಲ್ಲಿ, ರೊಪ್ಪದ ಕಲ್ಲುಗೋಡೆಯ ಸಂದಿಯಲ್ಲಿ. ಕುರಿ ಮುಳುಗಿಸಿ ಅದೇ ಹಳೇ ರೊಪ್ಪಕ್ಕೆ ಕೂಡಿದರೆ ಒಂದು ತಿಂಗಳಲ್ಲಿ ಮೊದಲಿನ ಸ್ಥಿತಿ. ಸಂದಿಗಳನ್ನು ಮಣ್ಣಿನಿಂದ ಮೆತ್ತಿ, ಗೊಬ್ಬರ ತೆಗೆದು, ಸಾಧ್ಯವಾದರೆ ಕೆಲವು ದಿನ ಬೇರೆ ಕಡೆ ಕೂಡಬೇಕು. ನನ್ನ ರೊಪ್ಪಕ್ಕೆ ಇದನ್ನು ಮಾಡಿದ ಮೇಲೆ ವರ್ಷಕ್ಕೆ ಎರಡು ಸಲ ಮುಳುಗಿಸಿದರೆ ಸಾಕಾಗಿದೆ.

ತೊಟ್ಟಿಯ ತಳ ಈಗ ಎರಡನೇ ಸಲ ತುಕ್ಕು ಹಿಡಿದು ಸೋರುತ್ತಿದೆ. ದೀಪಾವಳಿಯೊಳಗೆ ಹೊಸ ತಗಡು ಹಾಕಿಸಬೇಕು. ಅದು ಕಳೆದ ಮೇಲೆ ಹದಿನೈದು ಮಂದೆ ಒಪ್ಪಿಕೊಂಡಿದ್ದೇನೆ. ಇಂಥದ್ದೊಂದನ್ನು ಮಾಡಿಸಬೇಕು ಅನ್ನುವವರು ಕೆಲಸ ನಡೆಯುವಾಗಲೇ ಬಂದು ನೋಡಿ. ಬೆಳಿಗ್ಗೆ ಎಂಟಕ್ಕೆ ಮೊದಲು ಬನ್ನಿ, ಹಳೇ ಬಟ್ಟೆ ಹಾಕಿಕೊಂಡು ಬನ್ನಿ. ಗ್ಲೌಸು ನನ್ನ ಹತ್ತಿರ ಎರಡು ಜೊತೆ ಹೆಚ್ಚಿಗೆ ಇವೆ.